ಒಗರು ಮತ್ತು ಬಣ್ಣ

ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯನ್ನು ಜನ ಸಾಯಪಟ್ಟರೈ ಎನ್ನುತ್ತಾರೆ. ಅಂಥ ಪಟ್ಟರೈಗಳಲ್ಲಿ ಮೂವತ್ತೆಂಟು ವರ್ಷ ದುಡಿದು, ಅರವತ್ತು ತುಂಬಿದಾಗ ಕೆಲಸ ಬಿಟ್ಟು ಮನೆಯಲ್ಲಿ ಕುಳಿತವರೊಬ್ಬರನ್ನು ಬೀದಿಯವರೆಲ್ಲ ಇಂದಿಗೂ ಡೈಯಿಂಗ್ ಮಾಸ್ಟರ್ ಎಂದೇ ಕರೆಯುತ್ತಾರೆ. ಈ ಬರಹದಲ್ಲಿಯೂ ಅವರು ಮಾಸ್ಟರ್ ಆಗಿಯೇ ಇರಲಿ.

ಮಾಸ್ಟರರ ಕೆಲಸ ಕಣ್ಣಿನದು. ವಿದೇಶದ ವ್ಯಾಪಾರಿ ಅಂಗೈಯಗಲದ ಬಟ್ಟೆಯ ಚೂರೊಂದನ್ನು ಕಳುಹಿಸುತ್ತಾನೆ. ಅದೇ ಬಣ್ಣ ಸಾವಿರಾರು ಬನಿಯನ್ನುಗಳಿಗೆ ಬರಬೇಕು. ಮೊದಲು ಪ್ರಯೋಗಶಾಲೆಯಲ್ಲಿ ಸಣ್ಣ ಚೂರಿಗೆ ಬಣ್ಣ ಹಾಕಿ, ಬೆಳಕಿನ ಪೆಟ್ಟಿಗೆಯೊಳಗೆ ಎರಡನ್ನೂ ಜೊತೆಗಿಟ್ಟು ನೋಡಬೇಕು. ಹಗಲಿನ ಬೆಳಕಿಗೆ ಸಮನಾದ ದೀಪದಡಿ ಒಂದೇ ಎನಿಸಿದ ಎರಡು ಚೂರುಗಳು ಅಂಗಡಿಯ ಹಳದಿ ದೀಪದಡಿ ಬೇರೆ ಬೇರೆಯಾಗಿ ಕಾಣುವುದುಂಟು. ಆ ವಂಚನೆಯನ್ನು ಹಿಡಿಯುವುದೇ ಮಾಸ್ಟರಿಕೆ. ಬಣ್ಣದ ತೊಟ್ಟಿಗೆ ಎಷ್ಟು ಉಪ್ಪು, ಎಷ್ಟು ಹೊತ್ತಿಗೆ ಸೋಡಾ, ಎಷ್ಟು ಬಿಸಿ ಎಂಬುದು ಅವರಿಗೆ ಉಸಿರಾಟದಷ್ಟು ಸಹಜ. ಉಪ್ಪು ಬಣ್ಣವನ್ನು ನೂಲಿನತ್ತ ತಳ್ಳುತ್ತದೆ, ಸೋಡಾ ಅದನ್ನು ನೂಲಿಗೆ ಕಟ್ಟುತ್ತದೆ. ಅದೇ ಉಪ್ಪು ನೊಯ್ಯಲ್ ನದಿಯನ್ನು ಕೆಡಿಸಿದ್ದನ್ನೂ ಅವರು ಕಂಡವರು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕೊಯಮತ್ತೂರನ್ನು ದಾಟಿ ಬರುವ ನದಿ ತಿರುಪ್ಪೂರಿನಿಂದ ಮುಂದಕ್ಕೆ ಬಣ್ಣದ ನೀರಾಗಿ ಹರಿಯುತ್ತಿತ್ತು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿದಾಗ ಮಾಸ್ಟರರೂ ತಿಂಗಳುಗಟ್ಟಲೆ ಕೆಲಸವಿಲ್ಲದೆ ಕುಳಿತಿದ್ದರು. ಆ ತೀರ್ಪಿನ ಬಗ್ಗೆ ಅವರಿಗೆ ಕೋಪವಿರಲಿಲ್ಲ. ಬಣ್ಣ ನಿಲ್ಲಬೇಕಾದದ್ದು ಬಟ್ಟೆಯಲ್ಲಿ, ನದಿಯಲ್ಲಿ ಅಲ್ಲ ಎಂದು ಅವರೇ ಹೇಳುತ್ತಿದ್ದರು.

ಮಾಸ್ಟರರದು ದೇವಾಂಗ ಮನೆತನ. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ತಲೆತಲಾಂತರದಿಂದ ನೆಲೆಸಿ, ಚೌಡೇಶ್ವರಿಯನ್ನು ಪೂಜಿಸುತ್ತ, ಮಗ್ಗವನ್ನು ನಂಬಿ ಬದುಕಿದ ಇಂಥ ಮನೆಗಳಲ್ಲಿ ಆಡುಮಾತು ಕನ್ನಡ. ಶಾಲೆ ತಮಿಳಿನದು, ಪೇಟೆ ತಮಿಳಿನದು, ಲೆಕ್ಕಪತ್ರ ತಮಿಳಿನದು; ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಆ ಕನ್ನಡಕ್ಕೆ ಅಕ್ಷರವಿಲ್ಲ. ಮಾಸ್ಟರರು ತಮ್ಮ ತಾಯ್ನುಡಿಯ ಒಂದು ಸಾಲನ್ನೂ ಓದಿದವರಲ್ಲ, ಬರೆದವರಲ್ಲ. ಎಂದಾದರೂ ಮಗಳಿಗೆ ಚೀಟಿ ಬರೆಯಬೇಕಾದರೆ ಕನ್ನಡದ ಮಾತನ್ನೇ ತಮಿಳು ಲಿಪಿಯಲ್ಲಿ ಬರೆಯುತ್ತಿದ್ದರು. ತಮಿಳಿನಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರವಾದುದರಿಂದ, ಓದುವವರು ಮಾತು ಬಲ್ಲವರಾದರೆ ಮಾತ್ರ ಆ ಚೀಟಿ ಸರಿಯಾಗಿ ಓದಿಸಿಕೊಳ್ಳುತ್ತಿತ್ತು.

ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಬಸ್ಸಿನ ಹಲಗೆ, ಅಂಗಡಿಯ ಫಲಕಗಳನ್ನು ನೋಡಿ ನೋಡಿ ಅವಳು ಕನ್ನಡ ಓದಲು ಕಲಿತಳು. ಅಪ್ಪ ಕೆಲಸದಿಂದ ಬಿಡುಗಡೆಯಾದ ವರ್ಷ ಏನಾದರೂ ಕಾಣಿಕೆ ಕೊಡಬೇಕೆಂದು ಅವಳಿಗೆ ಆಸೆ. ಬಣ್ಣ, ವಾಸನೆ, ಸೂಕ್ಷ್ಮ ಭೇದ ಇವೆಲ್ಲ ಅಪ್ಪನ ಲೋಕವೆಂದು ಬಲ್ಲ ಅವಳು, ನಂದಿಬೆಟ್ಟದ ಬುಡದ ಒಂದು ದ್ರಾಕ್ಷಿತೋಟದಲ್ಲಿ ಶನಿವಾರ, ಭಾನುವಾರಗಳೆರಡೂ ನಡೆಯುವ ವೈನ್ ಆಸ್ವಾದನೆಯ ಕೂಟಕ್ಕೆ ಇಬ್ಬರ ಹೆಸರನ್ನೂ ನೋಂದಾಯಿಸಿಬಿಟ್ಟಳು. ಎರಡು ದಿನವೂ ಒಂದೇ ಜಾತಿಯ ಕೆಂಪು ದ್ರಾಕ್ಷಿ: ಶಿರಾಜ್. ಅಪ್ಪ ಕುಡಿಯುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತು, ಏಕೆಂಬುದು ಗೊತ್ತಿರಲಿಲ್ಲ. ಅವಕಾಶವಾಗದ್ದರಿಂದ ಕುಡಿಯಲಿಲ್ಲ ಎಂದೇ ಅವಳು ಎಣಿಸಿದ್ದಳು. ಮಗಳ ಹಣ ಹೋಗಿಬಿಟ್ಟಿದೆ ಎಂಬ ಕಾರಣಕ್ಕೆ ಮಾಸ್ಟರರು ಬೇಡವೆನ್ನಲಿಲ್ಲ. ಫೆಬ್ರವರಿಯ ಕೊನೆಯಲ್ಲಿ ರಾತ್ರಿಯ ರೈಲು ಹತ್ತಿದರು.

ಬೆಂಗಳೂರಿನಿಂದ ತೋಟಕ್ಕೆ ಹೋಗುವ ದಾರಿಯಲ್ಲಿ ದೊಡ್ಡಬಳ್ಳಾಪುರ. ಚಹಾ ಕುಡಿಯಲು ಕಾರು ನಿಂತಾಗ, ಪಕ್ಕದ ಓಣಿಯಿಂದ ಒಂದು ಸದ್ದು ಕೇಳಿಬಂತು. ವಿದ್ಯುತ್ ಮಗ್ಗಗಳ ಸದ್ದು. ರೇಷ್ಮೆ ಸೀರೆಯ ಆ ಊರಿನಲ್ಲಿ ದೇವಾಂಗದವರು ಬಹಳ; ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ಆಡುತ್ತಿದ್ದುದು ಕನ್ನಡ. ಬೀದಿಯಲ್ಲಿ ಕನ್ನಡ, ಹಲಗೆಯ ಮೇಲೆ ಕನ್ನಡ, ಮಗ್ಗದ ಯಜಮಾನ ಕೂಲಿಯವನನ್ನು ಬೈಯುತ್ತಿದ್ದುದೂ ಕನ್ನಡದಲ್ಲಿ. ಮನೆಯೊಳಗಿನ ಮಾತು ಹೀಗೆ ಊರೆಲ್ಲ ಹರಡಿಕೊಂಡಿರುವುದನ್ನು ಮಾಸ್ಟರರು ಚಹಾದ ಲೋಟ ತಣ್ಣಗಾಗುವ ತನಕ ನೋಡುತ್ತ ನಿಂತರು. ಹೊರಡುವಾಗ ಮಗಳನ್ನು ಕೇಳಿದ್ದು ಒಂದೇ ಮಾತು: “ಆ ಹಲಗೆ ಮೇಲೆ ಏನ್ ಬರೆದದೆ?” ಅವಳು ಓದಿ ಹೇಳಿದಳು: “ಕಂಡಿಕೆ, ಜರಿ, ನೂಲು ಸಿಗುತ್ತದೆ.” ಮೂರೂ ಅವರ ಮನೆಯ ಮಾತುಗಳೇ.

ತೋಟದಲ್ಲಿ ಕೂಡಿದವರು ಇಪ್ಪತ್ತು ಮಂದಿ ಇದ್ದರು. ಹೆಚ್ಚಿನವರು ಬೆಂಗಳೂರಿನ ತರುಣರು. ಇವರಲ್ಲಿ ಸೇರದಂತೆ ಕಾಣುತ್ತಿದ್ದವರು ಇಬ್ಬರೇ: ಒಬ್ಬರು ಮಾಸ್ಟರ್, ಇನ್ನೊಬ್ಬರು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಿಂದ ಬಂದ ದ್ರಾಕ್ಷಿ ಬೆಳೆಗಾರರು. ಮೊದಲ ನಾಲ್ಕು ಇಯತ್ತೆ ಕನ್ನಡ ಶಾಲೆ, ಮುಂದೆಲ್ಲ ಮರಾಠಿ ಎಂದು ಅವರು ತಮ್ಮ ಓದಿನ ಪರಿಚಯ ಮಾಡಿಕೊಂಡರು. ಥಾಮ್ಸನ್ ದ್ರಾಕ್ಷಿ ಬೆಳೆದು, ನೆರಳಿನ ಚಪ್ಪರದಲ್ಲಿ ಒಣಗಿಸಿ, ಒಣದ್ರಾಕ್ಷಿಯನ್ನು ತಾಸಗಾಂವದ ಪೇಟೆಗೆ ಒಯ್ದು ಮಾರುವವರು. ವೈನಿನ ದ್ರಾಕ್ಷಿ ಹಾಕಿದರೆ ಹೇಗೆ ಎಂದು ತಿಳಿಯಲು ಬಂದಿದ್ದರು. ಊಟದ ಸಾಲಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತರು. ಒಬ್ಬರ ಕನ್ನಡದಲ್ಲಿ ತಮಿಳಿನ ನೆರಳು, ಇನ್ನೊಬ್ಬರದರಲ್ಲಿ ಮರಾಠಿಯದು. ಎರಡು ಗಡಿಗಳ ಕನ್ನಡ ಅಲ್ಲಿ ಭೇಟಿಯಾಯಿತು; ಯಾರ ಮಾತು ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಬಳ್ಳಿಗಳ ನಡುವೆ ನಡಿಗೆ. ಸುತ್ತಲಿನ ಹಳ್ಳಿಗಳ ರೈತರು ತಿನ್ನಲು, ಹಣ್ಣಿನ ರಸಕ್ಕೆ ಬೆಳೆಯುವುದು ಬೆಂಗಳೂರು ನೀಲಿ. ಶಿರಾಜ್ ಬೇರೆಯೇ ಕುಲದ್ದು. ಕಾಯಿ ಸಣ್ಣದು, ಸಿಪ್ಪೆ ದಪ್ಪ, ಬಣ್ಣ ಕಪ್ಪಿಗೆ ಹತ್ತಿರ. ಏಪ್ರಿಲ್ ಸುಮಾರಿಗೆ ಒಂದು ಸಲ, ಮಳೆಗಾಲ ಕಳೆಯುವ ಹೊತ್ತಿಗೆ ಇನ್ನೊಂದು ಸಲ ಬಳ್ಳಿಯನ್ನು ಸವರಿ, ಬೇಸಗೆ ಬಲಿಯುವ ಮೊದಲು ಹಣ್ಣು ಕೊಯ್ಯುತ್ತಾರೆ. ತೋಟದ ವೈನ್ ತಯಾರಕರು ಕನ್ನಡದ ತರುಣರು. ಅವರು ಈ ದ್ರಾಕ್ಷಿಯ ಹೆಸರಿನ ಕಥೆ ಹೇಳಿದರು. ಪರ್ಷಿಯದ ಶಿರಾಜ್ ನಗರದಿಂದ ಇದು ಯುರೋಪಿಗೆ ಹೋಯಿತೆಂದು ಬಹುಕಾಲ ನಂಬಿದ್ದರು. 1998ರ ಸುಮಾರಿಗೆ ನಡೆದ ವಂಶವಾಹಿ ಪರೀಕ್ಷೆಯಿಂದ ಇದರ ತಾಯಿತಂದೆಯರು ಗೊತ್ತಾದರು: ಡ್ಯೂರೇಜಾ ಎಂಬ ಕಪ್ಪು ದ್ರಾಕ್ಷಿ, ಮೊಂಡ್ಯೂಸ್ ಬ್ಲಾಂಷ್ ಎಂಬ ಬಿಳಿ ದ್ರಾಕ್ಷಿ. ಎರಡೂ ಆಗ್ನೇಯ ಫ್ರಾನ್ಸಿನವು. ಫ್ರಾನ್ಸಿನಲ್ಲಿ ಇದರ ಹೆಸರು ಸಿರಾ. 1832ರಲ್ಲಿ ಜೇಮ್ಸ್ ಬಸ್ಬಿ ಎಂಬವನು ಯುರೋಪಿನಿಂದ ಆಸ್ಟ್ರೇಲಿಯಕ್ಕೆ ಒಯ್ದ ಕಡ್ಡಿಗಳಲ್ಲಿ ಇದೂ ಸೇರಿತ್ತು. ಅಲ್ಲಿ ಅದು ಶಿರಾಜ್ ಆಯಿತು. ಭಾರತದವರು ಆಸ್ಟ್ರೇಲಿಯದ ಹೆಸರನ್ನು ಹಿಡಿದರು.

“ಊರು ಬಿಟ್ಟು ಹೋದ ಮೇಲೆ ಹೆಸರು ಬದಲಾಗೋದು ನ್ಯಾಯವೇ,” ಎಂದರು ಮಾಸ್ಟರ್. “ನಮ್ಮ ಜನಕ್ಕೂ ಅಲ್ಲಿ ಒಂದು ಹೆಸರು, ಇಲ್ಲಿ ಒಂದು ಹೆಸರು.”

ಅವರು ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡರು. ತಿರುಳು ಸಿಹಿ; ಅದನ್ನು ನುಂಗಿ, ಸಿಪ್ಪೆಯನ್ನೂ ಬೀಜವನ್ನೂ ಅಗಿದರು. ನಾಲಗೆ ಒಣಗಿ, ವಸಡು ಬಿಗಿದುಕೊಂಡಿತು. ಹಾಗೆಯೇ ಸ್ವಲ್ಪ ಹೊತ್ತು ಕಣ್ಣುಮುಚ್ಚಿ ನಿಂತರು. ಏನಾಯಿತೆಂದು ಮಗಳು ಕೇಳಿದ್ದಕ್ಕೆ ಏನೂ ಇಲ್ಲವೆಂದು ತಲೆಯಾಡಿಸಿದರು.

ಮಧ್ಯಾಹ್ನ ವೈನ್ ತಯಾರಿಸುವ ಕಟ್ಟಡದೊಳಗೆ ಹೋದಾಗ ಮಾಸ್ಟರರು ತಮ್ಮ ಮನೆಗೆ ಬಂದಂತೆ ಓಡಾಡಿದರು. ಉಕ್ಕಿನ ತೊಟ್ಟಿ, ಶಾಖದ ಮಾಪಕ, ಕೊಳವೆ, ಪಂಪು ಎಲ್ಲವೂ ಪರಿಚಿತ. ಶಿರಾಜ್ ಹಣ್ಣಿನ ರಸಕ್ಕೆ ಹೇಳಿಕೊಳ್ಳುವ ಬಣ್ಣವಿಲ್ಲ, ಬಣ್ಣವೆಲ್ಲ ಸಿಪ್ಪೆಯಲ್ಲಿದೆ; ಆದ್ದರಿಂದ ಕೆಂಪು ವೈನನ್ನು ಸಿಪ್ಪೆಯ ಜೊತೆಯಲ್ಲಿಯೇ ಒಂದೆರಡು ವಾರ ಹುದುಗಿಸುತ್ತಾರೆ. ಹುದುಗುವಾಗ ಸಿಪ್ಪೆ ಮೇಲೆ ತೇಲಿ ಗಟ್ಟಿ ಪದರವಾಗುತ್ತದೆ. ದಿನಕ್ಕೆ ಹಲವು ಸಲ ಅದನ್ನು ಒಳಕ್ಕೆ ಒತ್ತಬೇಕು, ಇಲ್ಲವೆ ಕೆಳಗಿನ ರಸವನ್ನು ಎತ್ತಿ ಮೇಲೆ ಸುರಿಯಬೇಕು. “ನಾವು ತೊಟ್ಟಿಯಿಂದ ಬಣ್ಣವನ್ನು ಬಟ್ಟೆಗೆ ಏರಿಸುತ್ತೇವೆ, ನೀವು ಸಿಪ್ಪೆಯಿಂದ ಬಣ್ಣವನ್ನು ತೊಟ್ಟಿಗೆ ಇಳಿಸುತ್ತೀರಿ,” ಎಂದು ಮಾಸ್ಟರ್ ಹೇಳಿದಾಗ ತಯಾರಕರು ನಕ್ಕರು. ಅಷ್ಟರಲ್ಲಿ ಯಾರದೋ ಕೈತಪ್ಪಿ ಬಿಳಿಯ ಮೇಜುಹಾಸಿನ ಮೇಲೆ ವೈನ್ ಚೆಲ್ಲಿತು. ಕೆಲಸದ ಹುಡುಗ ಸೋಪಿನ ನೀರು ತಂದು ಉಜ್ಜಿದ. ಕೆಂಪು ಕಲೆ ನೀಲಿಯಾಯಿತು. ಅವನು ಗಾಬರಿಯಾದ. ಮಾಸ್ಟರರು ಮೇಜಿನ ಮೇಲಿದ್ದ ನಿಂಬೆಹೋಳನ್ನು ಹಿಂಡಿದರು. ನೀಲಿ ಮತ್ತೆ ಕೆಂಪಾಯಿತು. ಹುಳಿಯಲ್ಲಿ ಕೆಂಪು, ಕ್ಷಾರದಲ್ಲಿ ನೀಲಿ. ದ್ರಾಕ್ಷಿಯ ಬಣ್ಣಕ್ಕೆ ಸ್ವಂತ ನಿಲುವಿಲ್ಲ ಎಂದರು.

ಸಂಜೆ ಮೊದಲ ಆಸ್ವಾದನೆ. ಪ್ರತಿಯೊಬ್ಬರ ಮುಂದೆಯೂ ಒಂದು ಹಾಳೆ: ಬಣ್ಣ, ಪರಿಮಳ, ರುಚಿ, ನುಂಗಿದ ಮೇಲೆ ಉಳಿಯುವ ಅನುಭವ ಎಂದು ನಾಲ್ಕು ಅಂಕಣ. ಯಾವ ಭಾಷೆಯಲ್ಲಿಯಾದರೂ ಬರೆಯಬಹುದು ಎಂದರು ತಯಾರಕರು. ತರುಣರ ಹಾಳೆಗಳು ಬೇಗ ತುಂಬಿದವು: ಬ್ಲ್ಯಾಕ್‌ಬೆರಿ, ಪ್ಲಮ್, ವಯಲೆಟ್, ಲಿಕರಿಸ್. ಜತ್ತದ ಬೆಳೆಗಾರರು ಪಕ್ಕದ ಹುಡುಗನನ್ನು, “ನೀ ಈ ಬ್ಲ್ಯಾಕ್‌ಬೆರಿ ತಿಂದೀಯೇನಪಾ?” ಎಂದು ಕೇಳಿದರು. ಹುಡುಗ ಪ್ರಾಮಾಣಿಕ, ಇಲ್ಲವೆಂದ. ಮಾಸ್ಟರರು ಬಟ್ಟಲನ್ನು ಬಿಳಿ ಹಾಳೆಯ ಮೇಲೆ ಓರೆಯಾಗಿ ಹಿಡಿದು, ನಡುವಿನ ಬಣ್ಣವನ್ನೂ ಅಂಚಿನ ಬಣ್ಣವನ್ನೂ ಬಹಳ ಹೊತ್ತು ನೋಡಿದರು. ಎಳೆಯ ವೈನಿನ ಅಂಚಿನಲ್ಲಿ ನೇರಳೆಯ ಛಾಯೆ, ಹಳೆಯದರ ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಎಂಟು ವರ್ಷದ್ದಿರಬೇಕು ಎಂದರು. ಶೀಶೆಯ ಮೇಲೆ ಏಳು ಎಂದಿತ್ತು. ಮೂಸಿ ನೋಡಿದರು. ಮೊದಲೆರಡು ಅಂಕಣಗಳನ್ನು ತಮಿಳು ಅಕ್ಷರದ ಕನ್ನಡದಲ್ಲಿ ತುಂಬಿದರು. ಅನಂತರ ಬಟ್ಟಲನ್ನು ಕೆಳಗಿಟ್ಟು ದೂರ ಸರಿಸಿದರು.

“ಒಂದು ಗುಟುಕೂ ಬೇಡವೇ ಅಪ್ಪ? ನುಂಗಬೇಕಾಗಿಲ್ಲ. ಬಾಯಲ್ಲಿಟ್ಟು ಉಗುಳಬಹುದು, ಎಲ್ಲರೂ ಹಾಗೇ ಮಾಡ್ತಾರೆ, ನೋಡಿ,” ಎಂದಳು ಮಗಳು. ಮೇಜಿನ ನಡುವೆ ಉಗುಳುವ ಪಾತ್ರೆಯೂ ಇತ್ತು. ಮಾಸ್ಟರರು ಬೇಡವೆಂದರು. ಎರಡನೆಯ ಸಲ ಕೇಳಿದಾಗ ಎದ್ದು ಹೊರಗೆ ಹೋದರು. ಅಪ್ಪನಿಗೆ ಇಷ್ಟವಾಗಲಿಲ್ಲ, ಹಣ ದಂಡವಾಯಿತು ಎಂದುಕೊಂಡ ಮಗಳಿಗೆ ಅಂದು ರಾತ್ರಿಯ ಊಟ ರುಚಿಸಲಿಲ್ಲ.

ಭಾನುವಾರ ಬೆಳಗಿನ ಜಾವ ಕೊಯ್ಲಿನವರು ತಲೆಗೆ ದೀಪ ಕಟ್ಟಿಕೊಂಡು ತೋಟಕ್ಕಿಳಿದಾಗ ಇಬ್ಬರೂ ನಡೆಯಲು ಹೊರಟರು. ಆಗ ಮಾಸ್ಟರರು ಹೇಳಿದ್ದನ್ನು ಮಗಳು ಅದುವರೆಗೆ ಕೇಳಿರಲಿಲ್ಲ. 1971ರಲ್ಲಿ ತಮಿಳುನಾಡಿನಲ್ಲಿ ಪಾನನಿಷೇಧ ತೆಗೆದಾಗ ಅವರಿಗೆ ಏಳು ವರ್ಷ. ಊರಿನ ತುದಿಯಲ್ಲಿ ಸಾರಾಯಿ ಅಂಗಡಿ ಬಂತು. ಮಗ್ಗದ ಮುಂದೆ ಹಗಲೆಲ್ಲ ಕೂರುತ್ತಿದ್ದ ತಂದೆ ಸಂಜೆಗಳನ್ನು ಅಲ್ಲಿ ಕಳೆಯತೊಡಗಿದರು. ಮೂರು ವರ್ಷಕ್ಕೆ ನಿಷೇಧ ಮರಳಿ ಬಂತು. ಅಭ್ಯಾಸ ಮರಳಿ ಹೋಗಲಿಲ್ಲ. ಒಂದು ದಿನ ಯಜಮಾನರು ನೇಯಲು ಕೊಟ್ಟ ಹಾಸಿನ ನೂಲನ್ನೇ ಮಾರಿಬಿಟ್ಟರು. ನೇಕಾರನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಆ ಸಾಲವನ್ನು ತೀರಿಸಿದ್ದು ತಾಯಿ. ಹಗಲು ಕಂಡಿಕೆ ಸುತ್ತಿ, ರಾತ್ರಿ ನೂಲಿನ ಲಡಿಗಳಿಗೆ ಬಣ್ಣ ಹಾಕಿದರು. ಬಣ್ಣದ ಕೆಲಸ ಅವರ ತವರಿನದು. ಒಲೆಯ ಮುಂದೆ ಕೂತು ಸೌದೆ ತಳ್ಳುತ್ತಿದ್ದ ಹುಡುಗನಿಂದ, ತಂದೆ ತೀರಿದ ವರ್ಷ, ತಾಯಿ ಒಂದು ಮಾತು ತೆಗೆದುಕೊಂಡರು. ಬಾಯಿಗೆ ಮುಟ್ಟಿಸುವುದಿಲ್ಲ ಎಂಬ ಮಾತು. ನುಂಗುವುದಿಲ್ಲ ಎಂದಲ್ಲ, ಮುಟ್ಟಿಸುವುದಿಲ್ಲ ಎಂದು. ಉಗುಳಬಹುದೆಂಬ ಸೌಕರ್ಯ ಆ ಮಾತಿನಲ್ಲಿರಲಿಲ್ಲ.

ಗೋಡೆಯ ಮೇಲೆ ಹಾರ ಹಾಕಿದ ಪಟವಾಗಿ ಮಾತ್ರ ತಾತನನ್ನು ಕಂಡಿದ್ದ ಮಗಳು ಏನೂ ಹೇಳಲಿಲ್ಲ. ಈಗಲೇ ಹೊರಟುಬಿಡೋಣ ಎಂದಳು. ಮಾಸ್ಟರರು ಒಪ್ಪಲಿಲ್ಲ. ಇನ್ನೂ ಆರು ಬಟ್ಟಲಿನ ಬಣ್ಣ ನೋಡಬೇಕಾಗಿದೆ ಎಂದರು.

ಭಾನುವಾರದ ಕೂಟ ಹೋಲಿಕೆಯದು. ಒಂದೇ ದ್ರಾಕ್ಷಿಯ ಆರು ವೈನುಗಳು: ನಂದಿಯ ಬುಡದ ಎರಡು, ನಾಸಿಕದ ಒಂದು, ಫ್ರಾನ್ಸಿನ ರೋನ್ ಕಣಿವೆಯ ಒಂದು, ಆಸ್ಟ್ರೇಲಿಯದ ಬರೋಸಾ ಕಣಿವೆಯ ಒಂದು, ದಕ್ಷಿಣ ಆಫ್ರಿಕದ ಒಂದು. ಬರೋಸಾದಲ್ಲಿ 1840ರ ದಶಕದಲ್ಲಿ ನೆಟ್ಟ ಶಿರಾಜ್ ಬಳ್ಳಿಗಳು ಇಂದಿಗೂ ಫಲ ಕೊಡುತ್ತಿವೆ ಎಂಬುದನ್ನು ಕೇಳಿ ಜತ್ತದವರು ಕೈಮುಗಿದರು. ಬಿಸಿಲಿನ ನಾಡಿನ ವೈನಿನಲ್ಲಿ ಹಣ್ಣಿನ ಸಿಹಿಗಂಧ ಮುಂದಾದರೆ, ತಂಪಿನ ರೋನ್ ಕಣಿವೆಯದರಲ್ಲಿ ಬೇರೊಂದು ವಾಸನೆ. ಮಾಸ್ಟರರು ಮೂಸಿದೊಡನೆ, “ಕೊಲ್ಲಿಮಲೆ ಮೆಣಸು,” ಎಂದರು. ಮಗಳಿಗೆ ಏನೂ ತಿಳಿಯಲಿಲ್ಲ. ತಯಾರಕರು ವಿವರಿಸಿದರು: ರೋಟಂಡೋನ್ ಎಂಬ ವಸ್ತು ಈ ದ್ರಾಕ್ಷಿಯ ಸಿಪ್ಪೆಯಲ್ಲಿದೆ, ಕರಿಮೆಣಸಿನ ವಾಸನೆಗೂ ಅದೇ ಕಾರಣವೆಂದು ಆಸ್ಟ್ರೇಲಿಯದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಿಳಿಯುವುದೇ ಇಲ್ಲ. ಮಗಳು ಆ ಐದನೆಯವಳು. ಮೂವತ್ತೆಂಟು ವರ್ಷ ಬಣ್ಣದ ಆವಿಯಲ್ಲಿದ್ದ ಅಪ್ಪನ ಮೂಗು ಇನ್ನೂ ಉಳಿದಿದೆಯಲ್ಲ ಎಂದು ಅವಳಿಗೆ ಸಂತೋಷವಾಯಿತು.

ಕನ್ನಡ ಐಚ್ಛಿಕವನ್ನು ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬಹುದು. ಹೊರನಾಡಿನಿಂದ ಬಂದ ಖಾರದ ಕಾಯಿಯೊಂದನ್ನು ಮೊದಲ ಸಲ ಬಾಯಿಗಿಟ್ಟ ಕನ್ನಡಿಗ ಅದಕ್ಕೆ ಹೊಸ ಹೆಸರನ್ನು ಹುಡುಕಿಕೊಂಡು ಹೋಗಲಿಲ್ಲ. ಮನೆಯಲ್ಲಿದ್ದ ಮೆಣಸನ್ನು ನೆನೆದು ಮೆಣಸಿನಕಾಯಿ ಎಂದ. ತಮಿಳಿನವನು ಮಿಳಗನ್ನು ನೆನೆದು ಮಿಳಗಾಯ್ ಎಂದ. ಮರಾಠಿಯವನು ಮಿರಿಯನ್ನು ನೆನೆದು ಮಿರಚಿ ಎಂದ. ಮೂರು ಭಾಷೆಗಳೂ ಒಬ್ಬರನ್ನೊಬ್ಬರು ಕೇಳದೆ ಮಾಡಿದ ಕೆಲಸ ಒಂದೇ: ತಿಳಿಯದ್ದನ್ನು ತಿಳಿದದ್ದರ ಪಕ್ಕದಲ್ಲಿ ಕೂರಿಸಿ ನೋಡುವುದು. ಬೆಳಕಿನ ಪೆಟ್ಟಿಗೆಯಲ್ಲಿ ಮಾಸ್ಟರರು ಮಾಡುತ್ತಿದ್ದುದೂ ಅದನ್ನೇ. ತಿನ್ನದ ಹಣ್ಣಿನ ಹೆಸರನ್ನು ಹಾಳೆಯ ಮೇಲೆ ಬರೆದಾಗ ಆ ಪಕ್ಕದ ಚೂರೇ ಇಲ್ಲದಂತಾಗುತ್ತದೆ.

ಕೊನೆಯ ಅಂಕಣಕ್ಕೆ ಬಂದಾಗ ತಯಾರಕರು ಟ್ಯಾನಿನ್ ಬಗ್ಗೆ ಮಾತನಾಡಿದರು. ಅದು ಸಿಪ್ಪೆ, ಬೀಜ, ತೊಟ್ಟುಗಳಲ್ಲಿರುವ ಗುಣ. ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿಯನ್ನು ಒಣಗಿಸುತ್ತದೆ. ಅದಕ್ಕೆ ತಕ್ಕ ಮಾತು ಯಾವುದೆಂದು ತರುಣರು ಚರ್ಚಿಸಿದರು. ಒಬ್ಬಳು ರಫ್ ಎಂದಳು, ಒಬ್ಬ ಡ್ರೈ ಎಂದ. ಜತ್ತದವರು ಬಾಯಿ ಚಪ್ಪರಿಸಿ, “ಇದಕ್ಕ ಮರಾಠಿಯೊಳಗ ತುರಟ ಅಂತಾರ್ರಿ. ನಮ್ಮವ್ವ ವಗರ ಅಂತಿದ್ಲು,” ಎಂದರು. ಮಾಸ್ಟರರು ತಲೆಯೆತ್ತಿದರು. ಅವರ ಮುಂದೆ ವೈನಿರಲಿಲ್ಲ. ಬೆಳಿಗ್ಗೆ ಕೊಯ್ದ ಹಣ್ಣಿನ ಸಣ್ಣ ತಟ್ಟೆಯೊಂದನ್ನು ತಯಾರಕರು ಕೇಳದೆಯೇ ತಂದಿಟ್ಟಿದ್ದರು. ಮಾಸ್ಟರರು ಬೀಜವನ್ನು ಅಗಿಯುತ್ತಲೇ ಇದ್ದರು.

“ಒಗರು,” ಎಂದರು. “ತಮಿಳಲ್ಲಿ ತುವರ್ಪು. ನಮ್ಮ ಮನೇಲಿ ಒಗರು.”

ಒಂದು ರುಚಿಗೆ ಮೂರು ಭಾಷೆಗಳಲ್ಲಿ ಮೂರು ಮಾತು. ಮೂರೂ ಅಡುಗೆಮನೆಯ ಮಾತುಗಳು. ಭಾರತೀಯರ ಆರು ರುಚಿಗಳ ಎಣಿಕೆಯಲ್ಲಿ ಅದಕ್ಕೆ ಸ್ವಂತ ಸ್ಥಾನವಿದೆ. ಸಂಸ್ಕೃತದಲ್ಲಿ ಅದು ಕಷಾಯ. ಅದೇ ಕಷಾಯ ಶಬ್ದಕ್ಕೆ ಕೆಂಪು ಛಾಯೆಯ ಬಣ್ಣವೆಂಬ ಅರ್ಥವೂ ಇದೆ. ಸಂನ್ಯಾಸಿಯ ಕಾಷಾಯ ವಸ್ತ್ರ ಅಲ್ಲಿಂದ ಬಂದದ್ದು. ರುಚಿಗೂ ಬಣ್ಣಕ್ಕೂ ಒಂದೇ ಮಾತೇಕೆ ಎಂಬ ಪ್ರಶ್ನೆ ನಿಘಂಟನ್ನು ತೆರೆದವರಿಗೆ ಬರಬೇಕಾದದ್ದು. ಮಾಸ್ಟರರು ನಿಘಂಟನ್ನು ಕಂಡವರಲ್ಲ. ಆದರೆ ಉತ್ತರದ ದಿಕ್ಕು ಅವರಲ್ಲಿತ್ತು.

ತಯಾರಕರು ಮುಂದುವರಿದು, ಹೊಸ ವೈನಿನ ಬಣ್ಣ ಅಸ್ಥಿರವೆಂದರು. ಸಿಪ್ಪೆಯಿಂದ ಬಂದ ಬಣ್ಣದ ಕಣಗಳು ಒಂಟಿಯಾಗಿದ್ದರೆ ಬೇಗ ಮಾಸುತ್ತವೆ. ಟ್ಯಾನಿನ್ ಜೊತೆ ಬೆಸೆದುಕೊಂಡರೆ ವರ್ಷಗಳ ಕಾಲ ಉಳಿಯುತ್ತವೆ. ಅದಕ್ಕೇ ಬೀಜ, ಸಿಪ್ಪೆಗಳ ಕಟುತನವನ್ನು ಪೂರ್ತಿ ಬಿಡುವಂತಿಲ್ಲ ಎಂದು ಅವರು ಹೇಳುತ್ತಿದ್ದಂತೆ ಮಾಸ್ಟರರು ಎದ್ದು ನಿಂತರು. ಸಭೆಯಲ್ಲಿ ಮಾತನಾಡಿ ಅಭ್ಯಾಸವಿಲ್ಲದವರು. ಕನ್ನಡದಲ್ಲಿ, ಅಪರಿಚಿತರ ಮುಂದೆ, ಅದೇ ಮೊದಲು.

“ನಮ್ಮವ್ವ ನೂಲನ್ನು ಮೊದಲು ಅಳಲೆಕಾಯಿ ನೀರಲ್ಲಿ ನೆನೆ ಹಾಕೋರು. ಆಮೇಲೆ ಪಟಿಕ. ಆಮೇಲೆ ಕೆಂಪು. ಅಳಲೆಕಾಯಿ ಯಾಕವ್ವ, ಅದಕ್ಕೆ ಬಣ್ಣವೇ ಇಲ್ಲವಲ್ಲ ಅಂತ ಕೇಳಿದ್ದೆ. ಒಂದು ಚೂರು ಮುರಿದು ಬಾಯಿಗೆ ಹಾಕಿದ್ರು. ಬಾಯೆಲ್ಲ ಹಿಡಕೊಂತು. ಒಗರಿದ್ರೆ ತಾನೆ ಬಣ್ಣ ನಿಲ್ಲಾದು, ಅಂದ್ರು.”

ಕೂಟ ಸ್ವಲ್ಪ ಹೊತ್ತು ಮೌನವಾಯಿತು. ತಯಾರಕರು, ತಾವು ಕಾಲು ಗಂಟೆ ಹೇಳಿದ್ದು ಅಷ್ಟೇ ಎಂದರು. ಅಳಲೆಕಾಯಿಯಲ್ಲಿರುವುದೂ ಟ್ಯಾನಿನ್; ಹತ್ತಿಯ ನೂಲು ಲೋಹದ ಲವಣವನ್ನು ತಾನಾಗಿ ಹಿಡಿದುಕೊಳ್ಳಲಾರದು; ಟ್ಯಾನಿನ್ ಅದಕ್ಕೆ ಪಟಿಕವನ್ನು ಹಿಡಿಸುತ್ತದೆ, ಪಟಿಕ ಬಣ್ಣವನ್ನು ಹಿಡಿಸುತ್ತದೆ. ಓದು ಬರಹವಿಲ್ಲದ ಹೆಂಗಸೊಬ್ಬಳು ಒಲೆಯ ಮುಂದೆ ಮಗನಿಗೆ ಹೇಳಿದ ಆ ವಾಕ್ಯದಲ್ಲಿ ರಸಾಯನಶಾಸ್ತ್ರ ತಿದ್ದಬೇಕಾದ ತಪ್ಪೇನೂ ಇರಲಿಲ್ಲ. ಮಗಳು ಅಪ್ಪನ ಹಾಳೆಯನ್ನು ತನ್ನತ್ತ ಎಳೆದುಕೊಂಡು, ಖಾಲಿಯಿದ್ದ ಕೊನೆಯ ಅಂಕಣದಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಆ ಮಾತನ್ನು ಬರೆದಳು. ಅಜ್ಜಿಯ ಮಾತೊಂದು ಬರಹಕ್ಕೆ ಇಳಿದದ್ದು ಅದೇ ಮೊದಲು.

ಹಳಗನ್ನಡದ ಕವಿಗಳಿಗೆ ಪಾನಗೋಷ್ಠಿ ಹೊಸದಲ್ಲ. ಮಹಾಕಾವ್ಯಕ್ಕೆ ಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ ಅಂಥ ವರ್ಣನೆ ಇದೆ. ತರಗತಿಯಲ್ಲಿ ಅದನ್ನು ಸಂಪ್ರದಾಯದ ಪಾಲನೆ ಎಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಅದಕ್ಕಿಂತ ಹತ್ತಿರದ ಪಾಠ ಭರತನದು. ರಸವೆಂದರೇನು ಎಂಬುದನ್ನು ತಿಳಿಸಲು ನಾಟ್ಯಶಾಸ್ತ್ರ ಊಟದ ಉದಾಹರಣೆಯನ್ನೇ ಹಿಡಿಯುತ್ತದೆ: ಹಲವು ವ್ಯಂಜನ ಸೇರಿದ ಅನ್ನವನ್ನು ಮನಸ್ಸಿಟ್ಟು ಉಣ್ಣುವವನು ಹೇಗೆ ಸವಿಯುತ್ತಾನೋ ಹಾಗೆ. ಆಸ್ವಾದನೆ ಎಂಬ ಮಾತು ನಾಲಗೆಗೂ ಕಾವ್ಯಕ್ಕೂ ಸಲ್ಲುತ್ತದೆ. ಆ ಎರಡು ದಿನ ಇಪ್ಪತ್ತು ಮಂದಿಯಲ್ಲಿ ಒಂದು ಹನಿಯನ್ನೂ ಮುಟ್ಟದೆ ಕುಳಿತಿದ್ದವರು ಒಬ್ಬರೇ. ಹೆಚ್ಚು ಸವಿದವರೂ ಪ್ರಾಯಶಃ ಅವರೇ. ಸವಿಯುವುದಕ್ಕೆ ಬೇಕಾದದ್ದು ಪಕ್ಕದಲ್ಲಿಟ್ಟು ನೋಡಲು ತನ್ನದೇ ಒಂದು ನೆನಪು, ಅದನ್ನು ಹೇಳಲು ತನ್ನದೇ ಒಂದು ಮಾತು. ಅವೆರಡೂ ಅವರಲ್ಲಿದ್ದವು. ಆ ಮಾತಿಗೆ ಅಕ್ಷರವಿಲ್ಲ ಎಂಬ ಕಾರಣಕ್ಕೆ ಅರವತ್ತು ವರ್ಷ ಅದನ್ನು ಅವರು ಹೊರಗೆ ಆಡಿರಲಿಲ್ಲ, ಅಷ್ಟೇ.

ಹೊರಡುವಾಗ ಮಾಸ್ಟರರು ತಯಾರಕರನ್ನು ಕೇಳಿ, ಹಿಂಡಿ ಬಿಸಾಡುವ ದ್ರಾಕ್ಷಿಯ ಹಿಪ್ಪೆಯನ್ನು ಒಂದು ಡಬ್ಬಿಯಲ್ಲಿ ಕಟ್ಟಿಸಿಕೊಂಡರು. ತಿರುಪ್ಪೂರಿಗೆ ಬಂದು, ಹಿತ್ತಿಲಲ್ಲಿ ಒಲೆ ಹೂಡಿ, ಬ್ಲೀಚ್ ಮಾಡಿದ ಬನಿಯನ್ ಬಟ್ಟೆಯ ಎರಡು ಚೂರುಗಳನ್ನು ತೆಗೆದುಕೊಂಡರು. ಒಂದನ್ನು ನೇರವಾಗಿ ಹಿಪ್ಪೆಯ ನೀರಿಗೆ ಹಾಕಿದರು. ಇನ್ನೊಂದನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸಿ, ಪಟಿಕ ಹಾಕಿ, ಆಮೇಲೆ ಅದೇ ನೀರಿಗೆ ಇಳಿಸಿದರು. ಎರಡನ್ನೂ ಮೂರು ಸಲ ಒಗೆದರು. ಮೊದಲನೆಯದರಲ್ಲಿ ಬಣ್ಣ ಇತ್ತೆಂಬ ಗುರುತು ಮಾತ್ರ ಉಳಿಯಿತು. ಎರಡನೆಯದು ಮಂಕಾದ ನೇರಳೆಯಾಗಿ ನಿಂತಿತು. ದ್ರಾಕ್ಷಿಯ ಬಣ್ಣ ಬಿಸಿಲಿಗೆ ಬಹಳ ಕಾಲ ತಾಳುವುದಿಲ್ಲವೆಂದು ಬಲ್ಲ ಮಾಸ್ಟರರು ಚೂರುಗಳನ್ನು ನೆರಳಿನಲ್ಲಿ ಒಣಗಿಸಿ, ಕಾರ್ಖಾನೆಯಲ್ಲಿ ಮಾಡುತ್ತಿದ್ದಂತೆ ದಪ್ಪ ಕಾಗದಕ್ಕೆ ಹೊಲಿದು, ಕಾರ್ಡನ್ನು ಮಗಳಿಗೆ ಅಂಚೆಯಲ್ಲಿ ಕಳುಹಿಸಿದರು.

ಮೊದಲ ಚೂರಿನ ಕೆಳಗೆ ಏನೂ ಇರಲಿಲ್ಲ. ಎರಡನೆಯದರ ಕೆಳಗೆ ಒಂದೇ ಪದ, ಮಕ್ಕಳ ಅಕ್ಷರಮಾಲೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಬರೆದದ್ದು. ಗೆರೆಗಳು ನಡುಗಿದ್ದವು. ಬಾಯಲ್ಲಿ ಗಕಾರವಿದ್ದರೂ ಕೈಗೆ ತಮಿಳಿನ ಅಭ್ಯಾಸ. ಅವರು ಬರೆದದ್ದು ‘ಒಕರು’ ಎಂದು.

ಮಗಳು ಅದನ್ನು ತಿದ್ದಲಿಲ್ಲ. ಕಾರ್ಡು ಅವಳ ಕೋಣೆಯಲ್ಲಿ ಬಿಸಿಲು ಬೀಳದ ಗೋಡೆಯ ಮೇಲಿದೆ. ಬಂದವರು ಏನು ಬರೆದಿದೆ ಎಂದು ಕೇಳಿದರೆ ಅವಳು ಸರಿಯಾಗಿಯೇ ಓದಿ ಹೇಳುತ್ತಾಳೆ.